ದೇವಿಯ ಕರೆ ಮತ್ತು ದೇಹದ ಗುರುತು: ಲಿಂಗಪರಿವರ್ತನೆ ಹಾಗೂ ಸಲಿಂಗ ಪ್ರೇಮವನ್ನು ಕುರಿತ ಧಾರ್ಮಿಕ ದೃಷ್ಟಿಗಳು

ಪ್ರಸ್ತಾವನೆ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕೋಲಾರ ಜಿಲ್ಲೆಯ ಅಂಚಿನಲ್ಲಿರುವ ಹೋಬಳಿ ಕೇಂದ್ರ. ಅದರಾಚೆಗೆ ಆಂಧ್ರಪ್ರದೇಶದ ಮದನಪಲ್ಲಿಯ ಸೀಮೆ. ಮನೆಯಲ್ಲಿ ತೆಲುಗು, ಶಾಲೆ ಮತ್ತು ಕಚೇರಿಗಳಲ್ಲಿ ಕನ್ನಡ ಎಂಬ ರೂಢಿ ಈ ಭಾಗದಲ್ಲಿ ವ್ಯಾಪಕವಾಗಿದೆ. ಎರಡು ಭಾಷೆಗಳ ನಡುವೆ ಸಹಜವಾಗಿ ಓಡಾಡುವ ಇಲ್ಲಿನ ಜನ ಎರಡು ರಾಜ್ಯಗಳ ದೇವತೆಗಳ ನಡುವೆಯೂ ಅಷ್ಟೇ ಸಹಜವಾಗಿ ಓಡಾಡುತ್ತಾರೆ. ಒಂದು ಕಡೆ ಕೋಲಾರ, ಮಾಲೂರು, ಮುಳಬಾಗಿಲುಗಳ ದ್ರೌಪದಿ ಕರಗ. ಇನ್ನೊಂದು ಕಡೆ ತಿರುಪತಿಯ ಗಂಗಮ್ಮನ ಜಾತ್ರೆ. ಈ ಎರಡು ಆಚರಣೆಗಳಲ್ಲೂ ಗಂಡಸು ಹೆಣ್ಣಿನ ರೂಪವನ್ನು ಧರಿಸುತ್ತಾನೆ. ಆ ರೂಪಕ್ಕೆ ಊರು ಕೈಮುಗಿಯುತ್ತದೆ. ಆದರೆ ಹೆಣ್ಣಿನ ನಡೆಯುಳ್ಳ ಹುಡುಗನನ್ನು ಅದೇ ಊರಿನ ಬೀದಿ ‘ಖೋಜಾ’ ಎಂದೋ ತೆಲುಗಿನಲ್ಲಿ ‘ಕೊಜ್ಜಾ’ ಎಂದೋ ಹಂಗಿಸುತ್ತದೆ.

ಪೂಜೆ ಮತ್ತು ಬೈಗುಳಗಳ ಈ ಸಹವಾಸ ಹೇಗೆ ಸಾಧ್ಯ ಎಂಬುದು ಪ್ರಸ್ತುತ ಲೇಖನದ ಮೂಲ ಪ್ರಶ್ನೆ. ಲಿಂಗಪರಿವರ್ತನೆ ಮತ್ತು ಸಲಿಂಗ ಪ್ರೇಮದ ಬಗೆಗೆ ಧರ್ಮ ಏನು ಹೇಳುತ್ತದೆ ಎಂದು ಕೇಳಿದಾಗ ಎರಡು ಬಗೆಯ ಉತ್ತರಗಳು ಸಿದ್ಧವಾಗಿ ದೊರೆಯುತ್ತವೆ. ಧರ್ಮವು ಇವನ್ನು ಎಂದಿಗೂ ಒಪ್ಪಿಲ್ಲವೆಂಬುದು ಒಂದು. ನಮ್ಮ ಪರಂಪರೆ ಅರ್ಧನಾರೀಶ್ವರನಿಂದ ಬೃಹನ್ನಳೆಯವರೆಗೆ ಎಲ್ಲವನ್ನೂ ಒಪ್ಪಿಕೊಂಡಿತ್ತೆಂಬುದು ಇನ್ನೊಂದು. ಜಾನಪದ ಸಾಮಗ್ರಿಯನ್ನು ಹತ್ತಿರದಿಂದ ನೋಡಿದರೆ ಎರಡೂ ನಿಲ್ಲುವುದಿಲ್ಲ. ಆಚರಣೆಗಳಲ್ಲಿ ಕಾಣುವ ಹೆಣ್ತನವನ್ನು ಹರಕೆಯಿಂದ ಬಂದದ್ದು, ದೇವಿಯ ಕರೆಯಿಂದ ಬಂದದ್ದು ಎಂದು ಮೊದಲು ಬೇರ್ಪಡಿಸಬೇಕಾಗುತ್ತದೆ. ವ್ಯಕ್ತಿಯು ತನ್ನ ಅರಿವಿನಿಂದ ಹೇಳಿಕೊಳ್ಳುವ ಲಿಂಗಗುರುತು ಇವೆರಡಕ್ಕೂ ಹೊರಗಿನದು. ಸಲಿಂಗ ಪ್ರೇಮವಂತೂ ಈ ಮೂರಕ್ಕಿಂತಲೂ ಭಿನ್ನವಾದ ವಿಷಯ. ಇವುಗಳನ್ನು ಬೆರೆಸಿ ಮಾತನಾಡುವುದರಿಂದ ಶಾಸ್ತ್ರಕ್ಕೆ ಆಗುವ ನಷ್ಟಕ್ಕಿಂತ ಬದುಕುವ ಜನರಿಗೆ ಆಗುವ ನಷ್ಟ ದೊಡ್ಡದು.

ಹರಕೆಯ ಹೆಣ್ತನ: ಕರಗ ಮತ್ತು ಗಂಗಮ್ಮನ ಜಾತ್ರೆ

ಕರಗವು ವಹ್ನಿಕುಲ ಕ್ಷತ್ರಿಯ ಅಥವಾ ತಿಗಳ ಸಮುದಾಯದ ಆಚರಣೆ. ಚೈತ್ರ ಪೌರ್ಣಮಿಯಂದು ನಡೆಯುವ ಬೆಂಗಳೂರು ಧರ್ಮರಾಯಸ್ವಾಮಿ ದೇವಾಲಯದ ಕರಗ ಹೆಚ್ಚು ಪ್ರಸಿದ್ಧವಾದರೂ ಕೋಲಾರ ಜಿಲ್ಲೆಯ ಹಲವು ಊರುಗಳಲ್ಲಿ ಕರಗಗಳು ನಡೆಯುತ್ತವೆ. ಐತಿಹ್ಯದ ಪ್ರಕಾರ ಸ್ವರ್ಗಾರೋಹಣದ ದಾರಿಯಲ್ಲಿ ಹಿಂದುಳಿದ ದ್ರೌಪದಿ ತಿಮಿರಾಸುರನನ್ನು ಎದುರಿಸಲು ವೀರಕುಮಾರರನ್ನು ಸೃಷ್ಟಿಸಿದಳು. ಅವಳು ಮರಳಿ ಹೊರಟಾಗ ಅವರು ತಡೆದರು. ವರ್ಷಕ್ಕೊಮ್ಮೆ ಬರುವುದಾಗಿ ಮಾತು ಕೊಟ್ಟಳು. ಆ ಮಾತು ನಡೆಯುವ ರಾತ್ರಿಯೇ ಕರಗ.

ಕರಗ ಹೊರುವ ಅರ್ಚಕ ವ್ರತದ ಅವಧಿಯಲ್ಲಿ ಸಂಸಾರದಿಂದ ದೂರವಿದ್ದು ದೇವಾಲಯದ ಕಟ್ಟುಪಾಡಿಗೆ ಒಳಗಾಗುತ್ತಾನೆ. ಕರಗದ ರಾತ್ರಿ ಸೀರೆಯುಟ್ಟು, ಬಳೆ ತೊಟ್ಟು, ತಾಳಿ ಧರಿಸಿ, ಮಲ್ಲಿಗೆಯಿಂದ ಅಲಂಕೃತವಾದ ಕರಗವನ್ನು ತಲೆಯ ಮೇಲೆ ಹೊತ್ತು ಹೊರಡುತ್ತಾನೆ. ಆ ಹೊತ್ತಿನಲ್ಲಿ ಅವನನ್ನು ಸ್ತ್ರೀವೇಷದ ಪುರುಷನೆಂದು ಯಾರೂ ಕಾಣುವುದಿಲ್ಲ, ಆತ ದ್ರೌಪದಿಯೇ. ವೀರಕುಮಾರರ ಅಲಗುಗಳು ಸುತ್ತ ಕಾಯುತ್ತಿರುತ್ತವೆ. ಬೆಂಗಳೂರಿನ ಕರಗವು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ನೀಡುವ ಪದ್ಧತಿಯೂ ಉಂಟು. ಆದರೆ ಹಬ್ಬ ಮುಗಿದ ಮೇಲೆ ಅರ್ಚಕ ತನ್ನ ಮನೆಗೆ, ಹೆಂಡತಿ ಮಕ್ಕಳ ಬಳಿಗೆ, ಗಂಡಸಾಗಿಯೇ ಮರಳುತ್ತಾನೆ. ಕರಗಕ್ಕೆ ಬೇಕಾದುದು ಶಕ್ತಿಯನ್ನು ತಾಳಬಲ್ಲ ಪಾತ್ರ. ಹೊರುವವನ ಅಂತರಂಗದಲ್ಲಿ ಹೆಣ್ತನವಿದೆಯೇ ಎಂಬ ಪ್ರಶ್ನೆಯನ್ನು ಆಚರಣೆ ಕೇಳುವುದೇ ಇಲ್ಲ.

ಗಡಿಯಾಚೆ ತಿರುಪತಿಯ ತಾತಯ್ಯಗುಂಟ ಗಂಗಮ್ಮನ ಜಾತ್ರೆಯ ತರ್ಕವೂ ಇದಕ್ಕೆ ಸಮೀಪದ್ದು. ಹೆಣ್ಣುಮಕ್ಕಳನ್ನು ಕಾಡುತ್ತಿದ್ದ ಪಾಳೆಯಗಾರನನ್ನು ಗಂಗಮ್ಮ ಬಗೆಬಗೆಯ ವೇಷಗಳಲ್ಲಿ ಹುಡುಕಿ ಕೊಂದಳೆಂಬ ಕಥೆಯನ್ನು ಆಧರಿಸಿ ಕೈಕಾಲ ಮನೆತನದ ಗಂಡಸರು ಆ ವೇಷಗಳನ್ನು ಧರಿಸುತ್ತಾರೆ. ಜೊತೆಗೆ ಸಾಮಾನ್ಯ ಭಕ್ತರಾದ ಗಂಡಸರೂ ಹರಕೆ ಹೊತ್ತು ಸೀರೆಯುಟ್ಟು, ಹೂ ಮುಡಿದು ದೇವಿಯ ದರ್ಶನಕ್ಕೆ ಬರುತ್ತಾರೆ. ಈ ಜಾತ್ರೆಯನ್ನು ವಿವರವಾಗಿ ಅಧ್ಯಯನ ಮಾಡಿದ ಜಾಯ್ಸ್ ಫ್ಲೂಕಿಗರ್ 2013ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಉಗ್ರಳಾದ ದೇವಿಯ ಮುಂದೆ ಲೋಕವೇ ಹೆಣ್ಣಾಗುವ ಪರಿಯನ್ನು ಚರ್ಚಿಸಿದ್ದಾರೆ. ಇಲ್ಲಿ ಗಂಡಸುತನವೇ ಒಂದು ಕೊರತೆ. ಸೀರೆಯು ಆ ಕೊರತೆಯನ್ನು ತಾತ್ಕಾಲಿಕವಾಗಿ ನೀಗಿಸುವ ಸಾಧನ.

ಎರಡೂ ಆಚರಣೆಗಳು ಹೆಣ್ತನಕ್ಕೆ ಗೌರವ ಕೊಡುತ್ತವೆ, ನಿಜ. ಆದರೆ ಅವು ಕೊಡುವ ಅನುಮತಿಗೆ ದಿನಗಳ ಲೆಕ್ಕವಿದೆ. ಕರಗವನ್ನು ಮುಂದಿಟ್ಟು ಕೋಲಾರ ಸೀಮೆ ಲಿಂಗಪರಿವರ್ತಿತರನ್ನು ಸಹಜವಾಗಿ ಸ್ವೀಕರಿಸಿದೆ ಎಂದು ಬರೆಯುವುದು ಆಚರಣೆಯನ್ನು ತಪ್ಪಾಗಿ ಓದಿದಂತೆ.

ಕರೆಯ ಹೆಣ್ತನ: ಜೋಗಪ್ಪ ಪರಂಪರೆ

ಹಬ್ಬದೊಡನೆ ಮುಗಿಯದೆ ಆಯುಷ್ಯಪೂರ್ತಿ ಉಳಿಯುವ ಪರಿವರ್ತನೆಗೆ ಧಾರ್ಮಿಕ ಮನ್ನಣೆ ದೊರೆತಿರುವ ಉದಾಹರಣೆಯನ್ನು ಕೋಲಾರದಿಂದ ಬಹುದೂರದ ಉತ್ತರ ಕರ್ನಾಟಕದಲ್ಲಿ ಹುಡುಕಬೇಕು. ಅದು ಸವದತ್ತಿಯ ಎಲ್ಲಮ್ಮ ಮತ್ತು ಹುಲಿಗಿಯ ಹುಲಿಗೆಮ್ಮನ ಸುತ್ತ ಬೆಳೆದ ಜೋಗಪ್ಪ ಪರಂಪರೆ. ಹೊಸ್ತಿಲ ಹುಣ್ಣಿಮೆಯಂದು ಜಮದಗ್ನಿಯ ಮರಣದಿಂದ ಎಲ್ಲಮ್ಮ ವಿಧವೆಯಾಗುತ್ತಾಳೆ. ಭಾರತ ಹುಣ್ಣಿಮೆಯಂದು ಮತ್ತೆ ಮುತ್ತೈದೆಯಾಗುತ್ತಾಳೆ. ದೇವಿಯ ಈ ಬಳೆ ಒಡೆಯುವ, ಬಳೆ ತೊಡುವ ಚಕ್ರದಲ್ಲಿ ಜೋಗಪ್ಪ ಮತ್ತು ಜೋಗತಿಯರೂ ಪಾಲ್ಗೊಳ್ಳುತ್ತಾರೆ.

ಗಂಡಾಗಿ ಹುಟ್ಟಿದ ಮಗುವಿನಲ್ಲಿ ಹೆಣ್ಣಿನ ನಡೆ ನುಡಿ ಕಂಡಾಗ, ತಲೆಯಲ್ಲಿ ಜಡೆ ಬಿದ್ದಾಗ, ವಾಸಿಯಾಗದ ಬೇನೆ ಬಂದಾಗ ಮನೆಯವರು ಅದನ್ನು ದೇವಿಯ ‘ಕಾಡಾಟ’ವೆಂದು ಗುರುತಿಸುತ್ತಾರೆ. ದೇವಿ ಕೇಳುತ್ತಿದ್ದಾಳೆ, ಕೊಡದಿದ್ದರೆ ಮನೆಗೆ ಕೇಡು ಎಂಬ ನಂಬಿಕೆ ಬಲಿಯುತ್ತದೆ. ಮುತ್ತು ಕಟ್ಟುವ ವಿಧಿಯ ನಂತರ ಆ ವ್ಯಕ್ತಿ ಸೀರೆ, ಬಳೆ, ಭಂಡಾರಗಳ ಅಧಿಕಾರ ಪಡೆದು, ಚೌಡಿಕೆ ಮತ್ತು ತುಂತುಣಿಗಳ ಮೇಳದಲ್ಲಿ ಸೇರಿ, ಕೊಡ ಅಥವಾ ಜಗ ಹೊತ್ತು ಜೋಗ ಬೇಡುತ್ತಾನೆ, ಆಡುಮಾತಿನಲ್ಲಿ, ಬೇಡುತ್ತಾಳೆ. ನಿಕೊಲಾಸ್ ಬ್ರಾಡ್‌ಫರ್ಡ್ 1983ರಷ್ಟು ಹಿಂದೆಯೇ ಈ ಕಾಡಾಟದ ಪರಿಕಲ್ಪನೆಯನ್ನು ಮಾನವಶಾಸ್ತ್ರೀಯವಾಗಿ ಚರ್ಚಿಸಿದ್ದರು. 2014ರಲ್ಲಿ ಬಂದ ಲೂಸಿಂಡಾ ರ‍್ಯಾಂಬರ್ಗ್ ಅವರ ಅಧ್ಯಯನವು ಎಲ್ಲಮ್ಮನಿಗೆ ಬಿಡಲಾದವರ ಬದುಕನ್ನು ಬಂಧುತ್ವದ ನೆಲೆಯಿಂದ ಪರಿಶೀಲಿಸಿತು.

ಈ ಪರಂಪರೆಯ ಮೂಲಕಥೆಯ ಒಂದು ಜನಪದ ಪಾಠ ವಿಶೇಷವಾಗಿ ಗಮನಾರ್ಹ. ತಾಯಿಯ ತಲೆ ಕಡಿಯಲು ಒಪ್ಪದ ಮಕ್ಕಳಿಗೆ ಜಮದಗ್ನಿ ಗಂಡಸುತನ ಕಳೆದುಕೊಳ್ಳುವ ಶಾಪ ಕೊಟ್ಟನೆಂದು ಅದು ಹೇಳುತ್ತದೆ. ಮಹಾಭಾರತದ ಪಾಠದಲ್ಲಿ ಅವರು ಜಡರಾಗುತ್ತಾರೆ. ಜನಪದರು ಆ ಶಾಪದ ಅರ್ಥವನ್ನೇ ಬದಲಿಸಿದ್ದಾರೆ. ತಂದೆಯ ಆಜ್ಞೆಗಿಂತ ತಾಯಿಯ ಜೀವ ದೊಡ್ಡದೆಂದವರು ಗಂಡಸುತನದಿಂದ ಹೊರಬಿದ್ದು ತಾಯಿಯ ಕಡೆ ಸೇರಿದರು. ಶಾಪದ ಕಥೆಯೇ ಸೇವೆಯ ಹಕ್ಕಿನ ಕಥೆಯೂ ಆಗಿರುವುದು ಹೀಗೆ.

ಜೋಗಪ್ಪರಲ್ಲಿ ಸಾಮಾನ್ಯವಾಗಿ ಅಂಗಚ್ಛೇದನದ ರೂಢಿಯಿಲ್ಲ. ದೇವಿಗೆ ಒಪ್ಪಿಸಿದ ದೇಹವನ್ನು ಕತ್ತರಿಸಬಾರದೆಂಬ ಭಾವನೆ ಬಲವಾಗಿದೆ. ಹಿಜಡಾ ಸಮುದಾಯದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ‘ನಿರ್ವಾಣ’ಕ್ಕೆ ಪವಿತ್ರ ಸ್ಥಾನವಿದೆ. ಅಲ್ಲಿ ಬಹುಚರಾ ಮಾತೆ, ದಕ್ಷಿಣದ ಕೆಲವು ಮನೆಗಳಲ್ಲಿ ಪೋತಿರಾಜ ಮಾತೆ ಆರಾಧ್ಯ ದೇವತೆ. ನಲವತ್ತು ದಿನಗಳ ಪಥ್ಯದ ನಂತರ ಹೊಸ ಜನ್ಮದ ಆಚರಣೆ ನಡೆಯುತ್ತದೆ. ಒಂದೇ ಬಗೆಯ ಅಂತರಂಗದ ಒತ್ತಡಕ್ಕೆ ಎರಡು ಪರಂಪರೆಗಳು ದೇಹದ ಬಗೆಗೆ ವಿರುದ್ಧವಾದ ಉತ್ತರ ಕೊಟ್ಟಿವೆ ಎಂಬುದನ್ನು ಗಮನಿಸಬೇಕು. ಜೋಗಪ್ಪರ ವ್ಯವಸ್ಥೆ ಬೇರೂರದ ಕೋಲಾರ ಸೀಮೆಯ ವ್ಯಕ್ತಿಗೆ ಸಮೀಪದ ದಾರಿ ಎಂದರೆ ಬೆಂಗಳೂರಿನ ಹಮಾಮುಗಳು, ಗುರು ಚೇಲಾ ಸಂಬಂಧದ ಹಿಜಡಾ ಮನೆಗಳು. 2003ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್‌ನ ಕರ್ನಾಟಕ ಶಾಖೆ ಪ್ರಕಟಿಸಿದ ವರದಿ, ಬೆಂಗಳೂರಿನ ಕೋಥಿ ಮತ್ತು ಹಿಜಡಾ ಲೈಂಗಿಕ ಕಾರ್ಮಿಕರು ಅನುಭವಿಸಿದ ಹಿಂಸೆಯನ್ನು ದಾಖಲಿಸಿತು. ಎ. ರೇವತಿಯವರ ಆತ್ಮಕಥನ ದು. ಸರಸ್ವತಿ ಅವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದು, ರಂಗಕೃತಿಯಾಗಿಯೂ ಊರೂರು ಸುತ್ತಿತು.

ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ಬಳಿ ಕಲೆ ಕಲಿತ ಅವರ ಬದುಕು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಕೃತಿಯಲ್ಲಿ ದಾಖಲಾಗಿದೆ. ದೇವಿ ಸೀರೆ ಉಡಿಸಿದಳು. ಆದರೆ ಊಟ, ಸೂರು, ಕುಟುಂಬದ ಪ್ರೀತಿ ಅದರೊಡನೆ ತಾನಾಗಿ ಬರಲಿಲ್ಲ. ಕರೆಯ ಮನ್ನಣೆಯ ಶಕ್ತಿ ಮತ್ತು ಮಿತಿ ಎರಡೂ ಈ ಒಂದು ಬದುಕಿನಲ್ಲಿ ಸ್ಪಷ್ಟ.

ಆ ಮಿತಿಯ ಇನ್ನೊಂದು ಮುಖವೂ ಇದೆ. ಇಲ್ಲಿ ‘ನಾನು ಹೆಣ್ಣು’ ಎಂಬ ಮಾತನ್ನು ವ್ಯಕ್ತಿ ತನ್ನ ಬಾಯಲ್ಲಿ ಹೇಳಿದರೆ ಸಾಲದು, ದೇವಿಯ ಬಾಯಲ್ಲಿ ಅದು ಬರಬೇಕು. ಕಾಡಾಟದ ಭಾಷೆ ಕುಟುಂಬವನ್ನು ಬಾಯಿ ಮುಚ್ಚಿಸುವಷ್ಟು ಪ್ರಬಲ. ಆದರೆ ಅದೇ ಭಾಷೆ ವ್ಯಕ್ತಿಯ ಮುಂದಿನ ಬದುಕನ್ನೂ ದೇವಿಯ ಸೇವೆಗೆ ಬಿಗಿದು ಕಟ್ಟುತ್ತದೆ. ಅವನ ಓದು, ಉದ್ಯೋಗ, ಸಂಗಾತಿಗಳ ಪ್ರಶ್ನೆ ಅಲ್ಲಿ ಏಳುವುದಿಲ್ಲ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಅಧಿನಿಯಮವು ಸ್ತ್ರೀಯರ ಸಮರ್ಪಣೆಯನ್ನು ಉದ್ದೇಶಿಸಿ ರೂಪುಗೊಂಡಿತು. ಗಂಡಾಗಿ ಹುಟ್ಟಿದವರಿಗೆ ಮುತ್ತು ಕಟ್ಟುವ ಪ್ರಶ್ನೆ ಅದರ ಪರಿಭಾಷೆಯ ಹೊರಗೇ ಉಳಿಯಿತು.

ಶಾಸ್ತ್ರಗ್ರಂಥಗಳ ನಿಲುವು

ಲಿಖಿತ ಪರಂಪರೆಗಳು ಆಚರಣೆಗಿಂತ ಭಿನ್ನವಾಗಿ ಮಾತನಾಡುತ್ತವೆ. ಮನುಸ್ಮೃತಿ ಪುರುಷರ ಸಲಿಂಗ ಸಂಗಕ್ಕೆ ಒಂದೆಡೆ ಉಟ್ಟ ಬಟ್ಟೆಯಲ್ಲೇ ಮೀಯುವ ಪ್ರಾಯಶ್ಚಿತ್ತ ಹೇಳಿ, ಇನ್ನೊಂದೆಡೆ ಅದನ್ನು ಜಾತಿಭ್ರಂಶದ ಕಾರಣಗಳಲ್ಲಿ ಎಣಿಸುತ್ತದೆ. ಕಾಮಸೂತ್ರವು ‘ತೃತೀಯಾ ಪ್ರಕೃತಿ’ಯನ್ನು ಒಂದು ವರ್ಗವಾಗಿ ವಿವರಿಸುತ್ತದೆ. ಒಂದೇ ಪರಂಪರೆಯೊಳಗೆ ದಂಡನೆಯೂ ವರ್ಣನೆಯೂ ಒಟ್ಟಿಗೆ ಇವೆ.

ಕನ್ನಡ ನಾಡಿನ ದೃಷ್ಟಿಯಿಂದ ಜೈನ ಚರ್ಚೆಗೆ ವಿಶೇಷ ಮಹತ್ವವಿದೆ. ಜೈನ ಕರ್ಮಸಿದ್ಧಾಂತವು ಪುರುಷವೇದ, ಸ್ತ್ರೀವೇದ, ನಪುಂಸಕವೇದ ಎಂದು ಮೂರು ಬಗೆಯ ಕಾಮಪ್ರವೃತ್ತಿಗಳನ್ನು ಹೇಳುತ್ತದೆ. ಜೊತೆಗೆ ದೇಹದ ಲಿಂಗವಾದ ದ್ರವ್ಯವೇದವನ್ನೂ ಅಂತರಂಗದ ಲಿಂಗವಾದ ಭಾವವೇದವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ದೇಹದಿಂದ ಗಂಡಾದವನು ಭಾವದಿಂದ ಹೆಣ್ಣಾಗಿರುವುದು ಈ ಸಿದ್ಧಾಂತದಲ್ಲಿ ಅಸಂಗತವಲ್ಲ. 816ರಲ್ಲಿ ಮುಗಿದ ವೀರಸೇನರ ಧವಲಾ ಟೀಕೆಯ ಹಸ್ತಪ್ರತಿಗಳು ಮೂಡುಬಿದಿರೆಯಲ್ಲಿ ಉಳಿದುಬಂದವು. ಸ್ತ್ರೀಮುಕ್ತಿಯ ವಿವಾದದಲ್ಲಿ ದಿಗಂಬರರು ಇಂಥ ‘ಭಾವಸ್ತ್ರೀ’ಗೆ ಮೋಕ್ಷವನ್ನು ಒಪ್ಪಿದರು, ಸ್ತ್ರೀದೇಹಕ್ಕೆ ಒಪ್ಪಲಿಲ್ಲ. ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನ ಸ್ತ್ರೀದೇಹಕ್ಕೂ ಮುಕ್ತಿಯುಂಟೆಂದು ವಾದಿಸಿದ. ಆದರೂ ದೀಕ್ಷೆಯ ನಿಯಮಗಳು ನಪುಂಸಕರೆಂದು ಗುರುತಿಸಲಾದವರನ್ನು ಹೊರಗಿಟ್ಟವು. ಹೀಗೆ ತತ್ತ್ವದ ಸೂಕ್ಷ್ಮತೆ ಸಂಸ್ಥೆಯ ಔದಾರ್ಯವಾಗಲಿಲ್ಲ.

ವಚನಕಾರರಲ್ಲಿ ಜೇಡರ ದಾಸಿಮಯ್ಯ ದೇಹದ ಚಿಹ್ನೆಗಳಿಂದ ಗಂಡು ಹೆಣ್ಣೆಂದು ಗುರುತಿಸುವುದನ್ನು ಪ್ರಶ್ನಿಸಿ ಆತ್ಮಕ್ಕೆ ಲಿಂಗಭೇದವಿಲ್ಲವೆಂದ. ಶರಣಸತಿ ಲಿಂಗಪತಿ ಭಾವದಲ್ಲಿ ಉರಿಲಿಂಗದೇವನಂಥ ಪುರುಷ ವಚನಕಾರರು ಹೆಣ್ಣಿನ ದನಿಯಲ್ಲಿ ನುಡಿದರು. ಇದು ಭಕ್ತಿಯ ನಿಲುವು. ಸಾಮಾಜಿಕ ಗುರುತಿನ ಘೋಷಣೆಯೆಂದು ಅದನ್ನು ನೇರವಾಗಿ ಓದಲಾಗದು. ಆದರೂ ಇಂದಿನ ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಮಾತಿಗೆ ನೆಲೆಯನ್ನು ಅಲ್ಲಿಂದ ಪಡೆದಿದ್ದಾರೆ. ಮಂಜಮ್ಮನವರ ಕಥನದ ಶೀರ್ಷಿಕೆಯೇ ಅದಕ್ಕೆ ಸಾಕ್ಷಿ.

ಕೋಲಾರ ಜಿಲ್ಲೆಯ ಧಾರ್ಮಿಕ ಚಿತ್ರ ಮುಳಬಾಗಿಲಿನ ಹೈದರ್‌ವಲಿ ದರ್ಗಾ, ಚಿನ್ನದ ಗಣಿ ಪ್ರದೇಶದ ಚರ್ಚುಗಳಿಲ್ಲದೆ ಪೂರ್ಣವಾಗದು. ಇಸ್ಲಾಮೀ ನ್ಯಾಯಶಾಸ್ತ್ರವು ಜನನಾಂಗದಲ್ಲಿ ಅಸ್ಪಷ್ಟತೆಯಿರುವ ‘ಖುನ್ಸಾ’ ವ್ಯಕ್ತಿಗಳ ಉತ್ತರಾಧಿಕಾರ, ಪ್ರಾರ್ಥನೆಗಳನ್ನು ಹಿಂದಿನಿಂದ ಚರ್ಚಿಸಿದೆ. ಸಲಿಂಗ ಸಂಗವನ್ನು ಬಹುಪಾಲು ನ್ಯಾಯಶಾಸ್ತ್ರಜ್ಞರು ನಿಷಿದ್ಧವೆಂದಿದ್ದಾರೆ. 1980ರ ದಶಕದಲ್ಲಿ ಇರಾನಿನ ಆಯತೊಲ್ಲಾ ಖೊಮೇನಿ ಲಿಂಗಪರಿವರ್ತನೆ ಶಸ್ತ್ರಚಿಕಿತ್ಸೆಗೆ ಧಾರ್ಮಿಕ ಅನುಮತಿ ನೀಡಿದರು. ಅದೇ ದೇಶದಲ್ಲಿ ಸಲಿಂಗ ಸಂಗ ಘೋರ ಶಿಕ್ಷೆಯ ಅಪರಾಧವಾಗಿ ಮುಂದುವರಿಯಿತು. ಕ್ಯಾಥೊಲಿಕ್ ಚರ್ಚಿನ 1992ರ ಧರ್ಮೋಪದೇಶ ಗ್ರಂಥವು ಸಲಿಂಗ ಕ್ರಿಯೆಯನ್ನು ಒಪ್ಪದೆ, ಆ ಪ್ರವೃತ್ತಿಯುಳ್ಳವರನ್ನು ಗೌರವದಿಂದ ಕಾಣಬೇಕೆಂದಿತು. ವಿವಾಹದ ರೂಪ ತಾಳದ ಆಶೀರ್ವಾದವನ್ನು ಸಲಿಂಗ ಜೋಡಿಗಳಿಗೂ ನೀಡಬಹುದೆಂದು ವ್ಯಾಟಿಕನ್ 2023ರ ಡಿಸೆಂಬರಿನಲ್ಲಿ ಸಾರಿತು. 2024ರಲ್ಲಿ ಲಿಂಗಪರಿವರ್ತನೆಯ ವಿರುದ್ಧ ತನ್ನ ನಿಲುವನ್ನು ಪುನರುಚ್ಚರಿಸಿತು. ಒಂದೆಡೆ ಪರಿವರ್ತನೆಗೆ ಬಾಗಿಲು ತೆರೆದು ಪ್ರೇಮಕ್ಕೆ ಮುಚ್ಚಿದರೆ, ಇನ್ನೊಂದೆಡೆ ಪ್ರೇಮಿಗಳಿಗೆ ಕಿರುಗಿಂಡಿ ತೆರೆದು ಪರಿವರ್ತನೆಗೆ ಮುಚ್ಚಲಾಯಿತು. ಎರಡೂ ವಿಷಯಗಳು ಧರ್ಮಗಳ ಕಣ್ಣಿಗೆ ಒಂದೇ ಅಲ್ಲವೆಂಬುದು ಇದರಿಂದ ಖಚಿತವಾಗುತ್ತದೆ.

ಮೌನದ ನೆಲೆ: ಸಲಿಂಗ ಪ್ರೇಮ

ಕರಗ, ಗಂಗಮ್ಮನ ಜಾತ್ರೆ, ಜೋಗಪ್ಪ ಪರಂಪರೆಗಳಲ್ಲಿ ಎಲ್ಲಿಯೂ ಗಂಡಾಗಿಯೇ ಉಳಿದು ಗಂಡನ್ನು, ಹೆಣ್ಣಾಗಿಯೇ ಉಳಿದು ಹೆಣ್ಣನ್ನು ಪ್ರೀತಿಸುವವರಿಗೆ ಸ್ಥಾನವಿಲ್ಲ. ದೇವಿ ಲಿಂಗವನ್ನು ಬದಲಿಸಬಲ್ಲಳು, ಸಂಗಾತಿಯನ್ನು ಗೊತ್ತುಮಾಡುವುದಿಲ್ಲ. ಪುರಾಣದಲ್ಲಿ ಹರಿಯು ಹರನನ್ನು ಸೇರಬೇಕಾದರೆ ಮೋಹಿನಿಯಾಗಬೇಕು. ತಮಿಳುನಾಡಿನ ಕೂವಾಗಂನಲ್ಲಿ ಅರವಾನನನ್ನು ಮದುವೆಯಾಗಿ ಮರುದಿನ ವಿಧವೆಯರಾಗುವ ತಿರುನಂಗೈಯರೂ ಹೆಣ್ಣಾಗಿಯೇ ವಧುವಾಗುತ್ತಾರೆ. ಕರಗದಂತೆ ಕೂವಾಗಂ ಕೂಡ ಮಹಾಭಾರತದ ದ್ರಾವಿಡ ಜನಪದ ರೂಪಗಳಲ್ಲೊಂದು ಎಂಬುದು ಇಲ್ಲಿ ಸ್ಮರಣೀಯ. ಬಯಕೆಗೆ ಗಂಡು ಹೆಣ್ಣಿನ ಚೌಕಟ್ಟೇ ಆಧಾರ. ಲಿಂಗಪರಿವರ್ತನೆ ಆ ಚೌಕಟ್ಟನ್ನು ಒಡೆಯದೆ ಅದರೊಳಗೆ ಸ್ಥಾನ ಬದಲಿಸುತ್ತದೆ. ಸಲಿಂಗ ಪ್ರೇಮಕ್ಕೆ ಆ ಅನುಕೂಲವಿಲ್ಲ. ಆದ್ದರಿಂದಲೇ ಅದಕ್ಕೆ ಆಚರಣೆಯ ಭಾಷೆಯಲ್ಲಿ ಹೆಸರು ಹುಟ್ಟಲಿಲ್ಲ. ಕನ್ನಡದಲ್ಲಿ ಈ ಬದುಕಿಗೆ ದನಿ ಕೊಟ್ಟವುಗಳಲ್ಲಿ ಮುಖ್ಯವಾದುದು ಆಧುನಿಕ ಸಾಹಿತ್ಯ. 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’ ಅದರ ಪ್ರಮುಖ ನಿದರ್ಶನ.

ಕಾನೂನಿನ ಮುಂದೆ ನಂಬಿಕೆ

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ ತೃತೀಯ ಲಿಂಗವನ್ನು ಮಾನ್ಯಮಾಡಿ, ಲಿಂಗಗುರುತನ್ನು ವ್ಯಕ್ತಿಯೇ ನಿರ್ಧರಿಸಬೇಕೆಂದೂ ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿ ವಿಧಿಸಬಾರದೆಂದೂ ಹೇಳಿತು. ವನವಾಸಕ್ಕೆ ಹೊರಟ ರಾಮನಿಗಾಗಿ ಕಾದ ಹಿಜಡಾಗಳ ಕಥೆ, ಅರವಾನನ ಕಥೆ, ಜೈನ ಗ್ರಂಥಗಳ ಅಂತರಂಗದ ಲಿಂಗದ ಪರಿಕಲ್ಪನೆ ಈ ತೀರ್ಪಿನಲ್ಲಿ ಉಲ್ಲೇಖಗೊಂಡಿವೆ. ರಾಮನ ಆ ಕಥೆ ವಾಲ್ಮೀಕಿಯದಲ್ಲ, ಜನಪದದ್ದು. ಜನಪದ ಕಥನವೊಂದು ನ್ಯಾಯಾಲಯದ ಆಧಾರವಾದಾಗ ಅದನ್ನು ಸಂಗ್ರಹಿಸಿ ವ್ಯಾಖ್ಯಾನಿಸುವವರ ಹೊಣೆಯೂ ಹೆಚ್ಚುತ್ತದೆ. ಆದರೆ ತೀರ್ಪಿನ ತಿರುಳು ಕಥೆಗಳಿಂದ ಬಂದದ್ದಲ್ಲ, ಸಂವಿಧಾನದಿಂದ ಬಂದದ್ದು. ದೇವಿಯ ಬಾಯಲ್ಲಿ ಬರಬೇಕಿದ್ದ ಮಾತನ್ನು ವ್ಯಕ್ತಿಯ ಬಾಯಲ್ಲೇ ಕೇಳಬೇಕೆಂದು ಅದು ಹೇಳಿತು. 2019ರಲ್ಲಿ ಸಂಸತ್ತು ಈ ಕುರಿತು ಕಾಯಿದೆ ರೂಪಿಸಿತು. ಗುರುತಿನ ನಿರ್ಣಯ ಯಾರದೆಂಬ ಚರ್ಚೆ ಅದರಿಂದ ನಿಲ್ಲಲಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಕಲ್ಪಿಸಿತು.

ಸಲಿಂಗ ಸಂಬಂಧದ ಹಾದಿ ಹೆಚ್ಚು ದುರ್ಗಮವಾಗಿತ್ತು. 1860ರ ದಂಡಸಂಹಿತೆಯ 377ನೇ ಕಲಮನ್ನು ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಸೀಮಿತಗೊಳಿಸಿದಾಗ ಭಿನ್ನ ಧರ್ಮಗಳ ಸಂಘಟನೆಗಳು ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದಲ್ಲಿ ಒಂದೇ ಪಕ್ಷದಲ್ಲಿ ನಿಂತವು. 2013ರಲ್ಲಿ ಆ ತೀರ್ಪು ರದ್ದಾಗಿ, 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಅಂತಿಮವಾಗಿ ನಿರ್ಣಯವಾಯಿತು. 2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ವಿವಾಹದ ಹಕ್ಕನ್ನು ಒಪ್ಪಲಿಲ್ಲ. ಆದರೆ ಲಿಂಗಪರಿವರ್ತಿತ ವ್ಯಕ್ತಿಯು ವಿರುದ್ಧ ಲಿಂಗದವರನ್ನು ಪ್ರಚಲಿತ ಕಾನೂನಿನಡಿ ಮದುವೆಯಾಗಬಹುದೆಂದಿತು. ಜನಪದ ಧರ್ಮ ಎಳೆದಿದ್ದ ಗೆರೆಯೇ ಬೇರೊಂದು ರೂಪದಲ್ಲಿ ಇಲ್ಲಿಯೂ ಕಾಣುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹರಕೆಯ ಹೆಣ್ತನ ಗಂಡಸನ್ನು ಕೆಲದಿನ ಬದಲಿಸಿ ಮತ್ತೆ ಸಮಾಜಕ್ಕೆ ಒಪ್ಪಿಸುತ್ತದೆ. ಕರೆಯ ಹೆಣ್ತನ ಬಾಳಿಗೆ ಒಂದು ಹೆಸರು ಕೊಟ್ಟು, ಅದರ ಬೆಲೆಯಾಗಿ ಬಾಳಿನ ಆಯ್ಕೆಗಳನ್ನು ಪಡೆಯುತ್ತದೆ. ಶಾಸ್ತ್ರಗಳು ಅಂತರಂಗ ಮತ್ತು ದೇಹಗಳ ಅಂತರವನ್ನು ಅರಿತಿದ್ದರೂ ಆ ಅರಿವನ್ನು ಸಂಸ್ಥೆಗಳಿಗೆ ದಾಟಿಸಲಿಲ್ಲ. ಸಲಿಂಗ ಪ್ರೇಮದ ಬಗೆಗೆ ಶಾಸ್ತ್ರಗಳಲ್ಲಿ ದಂಡನೆಯಿದೆ, ಆಚರಣೆಯಲ್ಲಿ ಮೌನವಿದೆ. ಪರಂಪರೆಯನ್ನು ಪೂರ್ಣ ಒಪ್ಪಿಗೆಯೆಂದಾಗಲಿ ಪೂರ್ಣ ನಿರಾಕರಣೆಯೆಂದಾಗಲಿ ಬಿಂಬಿಸುವುದು ಈ ಸಾಮಗ್ರಿಗೆ ನ್ಯಾಯ ಮಾಡದು.

ಇದು ಕೇವಲ ವಿದ್ವತ್ತಿನ ವಿಷಯವಲ್ಲ. ಗಡಿನಾಡಿನ ಹಳ್ಳಿಯೊಂದರಲ್ಲಿ ತನ್ನ ದೇಹಕ್ಕೂ ಭಾವಕ್ಕೂ ಹೊಂದದ ಎಳೆಯ ಜೀವವೊಂದು ಕರಗದ ರಾತ್ರಿ ದ್ರೌಪದಿಗೆ ಕೈಮುಗಿಯುವ ಗುಂಪಿನಲ್ಲಿ ನಿಂತಿರಬಹುದು. ಹಬ್ಬದ ಮರುದಿನವೂ ತಾನು ಹಾಗೆಯೇ ಉಳಿಯುವುದನ್ನು ಅದು ಬಲ್ಲದು. ಸೀರೆಗೆ ಆ ರಾತ್ರಿ ಸಿಕ್ಕ ಗೌರವವನ್ನು ಆ ಜೀವಕ್ಕೆ ಹಗಲಿನಲ್ಲಿಯೂ ಸಲ್ಲಿಸುವ ಕೆಲಸವನ್ನು ಆಚರಣೆ ತಾನಾಗಿ ಮಾಡಿಲ್ಲ; ಅದು ಮನೆ, ಶಾಲೆ, ಕಚೇರಿ, ನ್ಯಾಯಾಲಯಗಳು ಮಾಡಬೇಕಾದ ಕೆಲಸ. ಎರಡರ ಅಂತರವನ್ನು ಮರೆಮಾಚದೆ ದಾಖಲಿಸುವುದು ಜಾನಪದ ಅಧ್ಯಯನದ ಪಾಲಿನ ಹೊಣೆ.